ನಂಜಮಣಿ ಚಾರ್ಜಿಗೆ ಹಾಕಿದ್ದಳು

ಅವತ್ತು ಗಾಡಿಯಲ್ಲಿ ಚಾರ್ಜ್ ಇತ್ತು. ಬೇಕಾದಷ್ಟಿತ್ತು — ಹಂಗಳದಿಂದ ಪುಣಜನೂರಿಗೆ ಹೋಗಿ, ವಾಪಸ್ಸು ಬಂದು, ಬೇಕಿದ್ದರೆ ಮತ್ತೊಂದು ಸಲ ಹೋಗಿ ಬರುವಷ್ಟು. ನಾನು ಇಲ್ಲ ಅಂದೆ. ನನ್ನ ಓರಗಿತ್ತಿ ನಂಜಮಣಿಯ ತಾಯಿ ಅಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ಇಲ್ಲಿ ನಮ್ಮ ಜಗಲಿಯ ಮೇಲೆ ನಿಂತು, ಫೋನು ಕೈಯಲ್ಲಿ ಹಿಡಿದುಕೊಂಡು, ಅವಳ ಮುಖ ನೋಡಿಕೊಂಡೇ ಹೇಳಿದೆ — "ಚಾರ್ಜ್ ಇಲ್ಲ ಕಣೆ ಮಣಿ."

ಬರೆಯುವ ಅಭ್ಯಾಸ ನನಗಿಲ್ಲ. ಮಾತಿನ ಅಭ್ಯಾಸ ಮಾತ್ರ ಜಾಸ್ತಿ — "ನಿಂಗೆ ಒಂದ್ ಬಾಯಿ ಸಾಲ್ದು" ಅಂತ ನಮ್ಮ ಯಜಮಾನರು ದಿನಾ ಅನ್ನುತ್ತಾರೆ. ಅಂಥ ಬಾಯಿಂದ ಈ ಒಂದು ಮಾತು, ಒಂದು ಸಲ ಅವರ ಕಿವಿಗೆ ಬಿದ್ದದ್ದು ಬಿಟ್ಟರೆ, ಮೂರು ಮಳೆಗಾಲ ಹೊರಗೆ ಬರಲಿಲ್ಲ. ಈಗ ಮಣಿಗೆ ಹೇಳಿದ್ದಾಗಿದೆ. ಆದರೆ ಅವಳೊಬ್ಬಳಿಗೆ ಹೇಳಿಬಿಟ್ಟರೆ ಮುಗಿಯುವುದಿಲ್ಲ. ಹಂಗಳದಿಂದ ಪುಣಜನೂರಿನ ತನಕ ನಮ್ಮ ನೆಂಟರಿಷ್ಟರ ಬಾಯಲ್ಲಿ ಇವತ್ತಿಗೂ ಒಂದೇ ಕಥೆ ಓಡಾಡುತ್ತಿದೆ — "ನಂಜಮಣಿ ಗಾಡಿನ ಚಾರ್ಜಿಗೆ ಹಾಕೋದ ಮರ್ತ್ಬುಟ್ಲು, ಅದ್ಕೇ ಹೆತ್ತವ್ವನ ಮುಖ ಕಾಣ್ನಿಲ್ಲ." ಆ ಕಥೆ ಸುಳ್ಳು. ಅದು ಸುಳ್ಳು ಅಂತ ಮೊದಲಿನಿಂದ ಬಲ್ಲವಳು ನಾನೊಬ್ಬಳೇ ಇದ್ದೆ, ಮತ್ತು ನಾನು ಸುಮ್ಮನಿದ್ದೆ. ಅದಕ್ಕೇ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ವಿಷಯ ಹೇಳಬೇಕು. ಅದರ ವಿಷಯ ಬಂದರೆ ನನಗೆ ನಿಲ್ಲಿಸುವುದು ಕಷ್ಟ, ಸಹಿಸಿಕೊಳ್ಳಿ. ನೋಡುವುದಕ್ಕೆ ಅದು ಹಳೇ ಕಾಲದ ವ್ಯಾನು. ಹಿಂದೆ ಊಟಿ ರಸ್ತೆಯಲ್ಲಿ ಫಾರಿನ್ನಿನವರು ಸಂಸಾರ ಸಮೇತ ಓಡಿಸಿಕೊಂಡು ಹೋಗುತ್ತಿದ್ದರು ಅಂತ ನಮ್ಮ ಮಾವನವರು ಹೇಳುತ್ತಿದ್ದರಲ್ಲ — ಮೊಂಡು ಮೂಗಿನದು, ದುಂಡು ಭುಜದ್ದು — ಥೇಟ್ ಹಾಗೇ. ಮೇಲರ್ಧ ಹಾಲುಬಿಳಿ, ಕೆಳಗರ್ಧ ಅರಿಸಿನದ ಹಳದಿ, ಎರಡೂ ಕೂಡುವಲ್ಲಿ ಸೀರೆಯ ಅಂಚಿನ ಹಾಗೆ ಒಂದು ಗೆರೆ. ಎರಡೂ ಪಕ್ಕ ಜಾರುವ ಬಾಗಿಲು. ಅಷ್ಟಗಲ ಗಾಜು. ಆದರೆ ಒಳಗೆ ಎಲ್ಲವೂ ಹೊಸತು — ಇಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ, ಕಾಲ ಕೆಳಗೆ ಉದ್ದಕ್ಕೂ ಬ್ಯಾಟರಿ. ಅದರಲ್ಲಿ ಕೂತರೆ ರಸ್ತೆ ನಮ್ಮ ಮಡಿಲಿಗೇ ಬಂದು ಬೀಳುತ್ತದೆ ಅನ್ನಿಸುತ್ತದೆ. ನಾನು ಮೊದಲ ಸಲ ಕೂತ ದಿನ ನನಗೆ ಅಳು ಬಂದಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ.

ನಮ್ಮದು ಗುಂಡ್ಲುಪೇಟೆಯಲ್ಲಿ ಈರುಳ್ಳಿ ವ್ಯಾಪಾರ. ನಮ್ಮ ಯಜಮಾನರು, ಮೈದುನ ಕುಮಾರ — ಅಣ್ಣತಮ್ಮಂದಿರು ಇಬ್ಬರೂ ಒಟ್ಟಿಗೆ. ಮನೆ ಹಂಗಳದಲ್ಲಿ, ಅದೂ ಒಂದೇ. ಅತ್ತೆ, ನಾವು, ಅವರು, ಎರಡೂ ಕಡೆಯ ಮಕ್ಕಳು — ಎಲ್ಲಿಗೆ ಹೊರಟರೂ ಕಾರು ಎರಡು ಟ್ರಿಪ್ಪು ಹೊಡೆಯಬೇಕಿತ್ತು, ಮೊದಲ ಟ್ರಿಪ್ಪಿನವರು ಊಟ ಮುಗಿಸಿ ಎಲೆ ಎತ್ತುವ ಹೊತ್ತಿಗೆ ಎರಡನೇ ಟ್ರಿಪ್ಪಿನವರು ಬರುತ್ತಿದ್ದರು. ಯಜಮಾನರು ಒಂದು ಸಲ ಕೋಳಿಕ್ಕೋಡಿಗೆ ಲೋಡು ಬಿಡಲು ಹೋದವರು ಅಲ್ಲಿ ಈ ವ್ಯಾನು ನೋಡಿ ಬಂದರು. ಬಂದವರಿಗೆ ಊಟ ಸೇರಲಿಲ್ಲ, ಅದೇ ಧ್ಯಾನ. ಕೊನೆಗೆ ಹಳೇ ಲಾರಿಗಳಲ್ಲಿ ಒಂದನ್ನೂ ರಸ್ತೆ ಬದಿಯ ಸೈಟನ್ನೂ ಮಾರಿ ತಂದೇಬಿಟ್ಟೆವು. ಊರವರು ಆಡಿಕೊಂಡರು — "ಈರುಳ್ಳಿ ಯಾಪಾರದೋರಿಗೆ ಯಾಕ್ಲಾ ಈ ಬೊಂಬೆ ಗಾಡಿ?" ಅಂದರು. ಅಂದವರೇ ಸಂಜೆ ಮಕ್ಕಳನ್ನು ಕರೆದುಕೊಂಡು ಬಂದು ಸವರಿ ನೋಡಿಕೊಂಡು ಹೋದರು.

ಸಾಕುವುದು ಸುಲಭವೇನಲ್ಲ. ಮನೆಗೆ ತ್ರೀ ಫೇಸ್ ಲೈನು ಬೇಕು ಅಂತ ಕರೆಂಟ್ ಆಫೀಸಿಗೆ ಅಲೆದು ಚಪ್ಪಲಿ ಸವೆಯಿತು. ಗೋಡೆಗೆ ಒಂದು ಡಬ್ಬ ಹೊಡೆಸಿ, ಅದರಿಂದ ಹೆಬ್ಬೆರಳು ಗಾತ್ರದ ವೈರು ಎಳೆಸಿದ್ದಾಯಿತು. ಸರ್ವಿಸ್ಸು ಅಂದರೆ ಮೈಸೂರು ದಾಟಿ ಇನ್ನೂ ದೂರ ಹೋಗಬೇಕು. ಒಂದು ಬೆಳಿಗ್ಗೆ ಹೊರಡುವ ಹೊತ್ತಿಗೆ ಗಾಡಿ ಅಲ್ಲಾಡಲೇ ಇಲ್ಲ — ಪರದೆಯ ಮೇಲೆ 'ಅಪ್‌ಡೇಟ್ ಆಗುತ್ತಿದೆ, ಕಾಯಿರಿ' ಅಂತ. ಎಲ್ಲರೂ ಬೈಯುತ್ತಿದ್ದರೆ ಮಣಿ ಅಂದಳು, "ಅದೇನೋ ಓದ್ಕೋತಾ ಅದೆ, ಸುಮ್ಕಿರಿ, ಪರೀಕ್ಷೆ ಮುಗೀಲಿ." ಹೈವೇ ಹೋಟೆಲಿನ ಚಾರ್ಜರಿನ ಮುಂದೆ ಕೇರಳದ ಕಾರುಗಳ ಹಿಂದೆ ಕ್ಯೂ ನಿಲ್ಲಬೇಕು. ಎಸಿ ಜೋರಾಗಿ ಹಾಕಿದರೆ, ಜೋರಾಗಿ ಓಡಿಸಿದರೆ, ಚಾರ್ಜು ಕಣ್ಣೆದುರೇ ಇಳಿಯುತ್ತದೆ. ಆದರೆ ಘಾಟಿ ಇಳಿಯುವಾಗ — ಆಹಾ! — ಇಳಿಜಾರಿನಲ್ಲಿ ಬ್ಯಾಟರಿ ತಾನಾಗಿ ತುಂಬಿಕೊಳ್ಳುತ್ತದೆ. ಮಕ್ಕಳು ಒಂದೊಂದು ಪರ್ಸೆಂಟು ಏರಿದಾಗಲೂ ಕೂಗುತ್ತವೆ. ದನಗಳಿಗೆ ಮಾತ್ರ ಅದರ ಸದ್ದೇ ಕೇಳದು, ರಸ್ತೆ ಮಧ್ಯ ನಿಂತೇ ಇರುತ್ತವೆ. ನಾನು ಗಾಜು ಇಳಿಸಿ "ಏಯ್, ದಾರಿ ಬುಡು" ಅಂತ ಕೂಗಬೇಕು.

ನಾನೇ ಓಡಿಸುತ್ತಿದ್ದೆ, ಅದನ್ನು ಹೇಳಿದೆನೋ ಇಲ್ಲವೋ. ಗೇರಿಲ್ಲ, ಕ್ಲಚ್ಚಿಲ್ಲ, ಬೇಗ ಕಲಿತುಬಿಟ್ಟೆ. ಗಂಡಸರು ಲಾರಿ ಮೇಲಿದ್ದರೆ ವ್ಯಾನು ನನ್ನ ಕೈಯಲ್ಲಿ. ಕೀ ನನ್ನ ಸೊಂಟದಲ್ಲಿ. ಚಾರ್ಜ್ ಎಷ್ಟಿದೆ ಅಂತ ತೋರಿಸುವ ಆ್ಯಪು ಯಜಮಾನರ ಫೋನು ಬಿಟ್ಟರೆ ನನ್ನ ಫೋನಿನಲ್ಲಿ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ಅದನ್ನು ತಿರುಗಿಸುವಾಗ ಜನ ನಿಂತು ನೋಡುತ್ತಿದ್ದರಲ್ಲ — ನನ್ನ ತಲೆ ಎಲ್ಲೋ ಹೋಗಿ ಕೂತುಬಿಟ್ಟಿತ್ತು.

ಮತ್ತು ಚಾರ್ಜಿಗೆ ಹಾಕುವ ಕೆಲಸ ಮಣಿಯದು. ಯಾರೂ ಹೇಳಿ ಕೊಟ್ಟದ್ದಲ್ಲ, ತಾನೇ ತೆಗೆದುಕೊಂಡದ್ದು. ಸಂಜೆ ಹಸು ಕಟ್ಟಿ, ಹಾಲು ಕರೆದು, ಕೈ ತೊಳೆದುಕೊಂಡು ನೇರ ವ್ಯಾನಿನ ಹತ್ತಿರ. "ಇವಳ್ಗೂ ಮೇವಾಕ್ಬುಟ್ ಬತ್ತೀನಿ ಕಣಕ್ಕ" ಅನ್ನುತ್ತಿದ್ದಳು. ಪ್ಲಗ್ಗಿನ ಬಾಯನ್ನು ಸೆರಗಿನಿಂದ ಒರೆಸಿ, ಸಿಕ್ಕಿಸಿ, ಹಸಿರು ದೀಪ ಬರುವ ತನಕ ನಿಂತಿದ್ದು ಆಮೇಲೆ ಒಳಗೆ ಬರುತ್ತಿದ್ದಳು. ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ನೆಂಟರಿರಲಿ. ನಾನಾಗಿದ್ದರೆ ವಾರಕ್ಕೆರಡು ಸಲ ಮರೆಯುತ್ತಿದ್ದೆ, ಖಂಡಿತ. ಅವಳು ಯಾವ ಕೆಲಸ ಹಿಡಿದರೂ ಹಾಗೇ. ಅಂಥ ಹೆಂಗಸನ್ನು ನಾನು ಬೇರೆ ಎಲ್ಲೂ ಕಂಡಿಲ್ಲ — ಎದುರಿಗೆ ಯಾವತ್ತೂ ಹೇಳಲಿಲ್ಲ ಅಷ್ಟೇ.

ಅವಳ ತಾಯಿಗೂ ಆ ಗಾಡಿ ಅಂದರೆ ಪ್ರಾಣ. ತಂದ ಹೊಸದರಲ್ಲಿ ಪುಣಜನೂರಿಗೆ ಹೋದಾಗ ಮುದುಕಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಚೆಕ್‌ಪೋಸ್ಟಿನ ತನಕ ಸುತ್ತಿಸಿಕೊಂಡು ಬಂದಿದ್ದೆ. ಕಾಡಿನಂಚಿನ ಊರು ಅದು, ಸತ್ಯಮಂಗಲದ ರಸ್ತೆ, ದಿನವೆಲ್ಲ ಲಾರಿಗಳ ಗಲಾಟೆ. "ಏನವ್ವ, ಇದು ಉಸ್ರೇ ಬುಡಕಿಲ್ವಲ್ಲ!" ಅಂತ ಬಾಯ ಮೇಲೆ ಕೈ ಇಟ್ಟುಕೊಂಡಿತ್ತು ಆ ಜೀವ. ಊರಿಗೆಲ್ಲ ಹೇಳಿಕೊಂಡು ಬಂದಿತ್ತಂತೆ — ನನ್ ಮಗಳ ಮನೇದು, ನನ್ ಮಗಳ ಗಾಡಿ.

ಇನ್ನು ಆ ದಿನ.

ಮಳೆಗಾಲ. ನಮ್ಮ ಕಡೆ ಸೂರ್ಯಕಾಂತಿ, ಚೆಂಡುಹೂವು ಅರಳುವ ಕಾಲ. ಹೈವೇ ಉದ್ದಕ್ಕೂ ಹೊಲವೆಲ್ಲ ಹಳದಿಯಾಗಿ, ಕೇರಳದಿಂದ ಜನ ಫೋಟೋ ತೆಗೆಸಿಕೊಳ್ಳಲು ಹಿಂಡುಹಿಂಡಾಗಿ ಬರುತ್ತಾರೆ. ಚಾರ್ಜರಿನ ಕ್ಯೂನಲ್ಲಿ ಪರಿಚಯವಾದ ಒಬ್ಬ ಮಲಯಾಳಿ ಫೋಟೋಗ್ರಾಫರು ಬೆನ್ನು ಹತ್ತಿದ್ದ. "ಚೇಚಿ, ನಿಮ್ಮ ವಂಡಿ ಹೂವಿನ ನಡುವೆ ನಿಲ್ಲಿಸ್ಬೇಕು, ಮುಂದೆ ಮದುವೆ ಹುಡುಗ ಹುಡುಗಿ — ಸೂಪರ್ ಆಗ್ತದೆ" ಅಂತ. ದುಡ್ಡಿನ ಮಾತೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ದುಡ್ಡಲ್ಲ. ನಮ್ಮ ಗಾಡಿ ಫೋಟೋದಲ್ಲಿ ಬರಬೇಕು, ಸಾವಿರಾರು ಜನ ಫೋನಿನಲ್ಲಿ ನೋಡಬೇಕು, ಇದು ಹಂಗಳದ್ದು ಅನ್ನಬೇಕು. ಹಿಂದಿನ ದಿನವೇ ಗಾಡಿ ತೊಳೆದು ಇಟ್ಟಿದ್ದೆ. ಗಂಡಸರು ಇಬ್ಬರೂ ಲೋಡಿನ ಜೊತೆ ಹೋಗಿದ್ದರು. ಹೊಸ ಸೀರೆ ಉಟ್ಟು ಹೊರಡುವುದರಲ್ಲಿದ್ದೆ.

ಆಗ ಮಣಿ ಅಡುಗೆಮನೆಯಿಂದ ಓಡಿ ಬಂದಳು. ಅವಳ ಅಣ್ಣ ಫೋನು ಮಾಡಿದ್ದನಂತೆ. "ಅವ್ವ ಉಸ್ರು ಎಳೀತಾ ಅವಳಂತೆ ಕಣಕ್ಕ. ನನ್ನೇ ಕೇಳ್ತಾ ಅವಳಂತೆ. ಬೇಗ ಓಗನ ಬಾ."

ಆ ಮುದುಕಿಗೆ ಹಿಂದೆಯೂ ಹಾಗೆ ಆಗಿತ್ತು. ನಾವು ಎದ್ದುಬಿದ್ದು ಓಡಿದರೆ, ಅದು ಎದ್ದು ಕೂತು ಮುದ್ದೆ ನುಂಗುತ್ತಿತ್ತು. ಈ ಸಲವೂ ಹಾಗೇ ಇರಬಹುದು ಅಂತ ನನ್ನ ಮನಸ್ಸು — ಇಲ್ಲ, ಇದನ್ನು ಬರೆಯಬಾರದು. ನಾನು ಹಾಗೆ ಅಂದುಕೊಂಡದ್ದು ಸುಳ್ಳು ಹೇಳಿದ ಮೇಲೆ. ಸುಳ್ಳು ಹೇಳುವಾಗ ನನ್ನ ತಲೆಯಲ್ಲಿ ಇದ್ದದ್ದು ಹೂವಿನ ಹೊಲ ಒಂದೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಫೋನು ತೆಗೆದು ನೋಡಿದೆ. ಚಾರ್ಜಿನ ಗೆರೆ ಪೂರ್ತಿ ಹಸಿರು. ಫೋನು ತಿರುಗಿಸಿ ಎದೆಗೆ ಹಿಡಿದುಕೊಂಡು ಹೇಳಿದೆ —

"ಚಾರ್ಜ್ ಇಲ್ಲ ಕಣೆ ಮಣಿ."

ಪೆಟ್ರೋಲ್ ಗಾಡಿಯಾಗಿದ್ದರೆ ಆ ಮಾತು ನಡೆಯುತ್ತಿರಲಿಲ್ಲ. ಗುಂಡ್ಲುಪೇಟೆ ಬಂಕಿನಲ್ಲಿ ಹಾಕಿಸಿಕೊಂಡು ಹೋಗನ ಅನ್ನುತ್ತಿದ್ದಳು. ಇದಕ್ಕೆ ಗಂಟೆಗಟ್ಟಲೆ ಕಾಯಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಾತಿನ ಮೇಲೆ ಮತ್ತೊಂದು ಪ್ರಶ್ನೆಯೇ ಇಲ್ಲ.

ಮಣಿ ಗೋಡೆಯ ಡಬ್ಬ ನೋಡಿದಳು. ಪ್ಲಗ್ಗು ಗೂಟದಲ್ಲಿ ನೇತಾಡುತ್ತಿತ್ತು — ಬೆಳಿಗ್ಗೆ ನಾನೇ ಕಿತ್ತು ನೇತುಹಾಕಿದ್ದೆ, ದಿನಾ ಹಾಗೇ ಮಾಡುವುದು. ಅವಳ ಮುಖ ಹೇಗಾಯಿತು ಅಂತ ಹೇಗೆ ಹೇಳಲಿ. ಅದನ್ನು ನೋಡಿ ನನಗೆ ಅರ್ಥವಾಗುವ ಮುಂಚೆ ಅವಳೇ ಅಂದಳು: "ನೆನ್ನೆ ಸಂಜೆ ಕರೆಂಟ್ ಓಗಿ ಬಂತಲ್ಲಕ್ಕ... ತಿರ್ಗ ಕಿತ್ತು ಸಿಗಿಸ್ಬೇಕಾಗಿತ್ತೇನೋ. ಹಸೀನ್ ಕರ ಬೇರೆ ಕಿರುಚ್ತಿತ್ತು, ಅತ್ಲಾಗೆ ಓಗ್ಬುಟ್ಟೆ. ಅಯ್ಯೋ, ನಾನೇ ಮರ್ತ್ಬುಟ್ನಲ್ಲಕ್ಕ!"

ಕರೆಂಟ್ ಹೋಗಿ ಬಂದರೆ ಚಾರ್ಜಿಂಗು ತಾನಾಗಿ ಮತ್ತೆ ಶುರುವಾಗುತ್ತದೆ. ಯಾರೂ ಮುಟ್ಟಬೇಕಾಗಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಒಂದು ಮಾತು ಸಾಕಾಗಿತ್ತು. ತಮಾಷೆಗಂದೆ ಕಣೆ, ನಡಿ — ಅಂತ ಅಂದಿದ್ದರೂ ಸಾಕಾಗಿತ್ತು. ನಾನು ಏನಂದೆ ಗೊತ್ತೇ?

"ಓಗ್ಲಿ ಬುಡು. ಈಗೇನ್ ಮಾಡಕಾಯ್ತದೆ. ಬಸ್ಸಲ್ಲಿ ಓಗು."

ನನ್ನ ಮೊದಲನೆಯ ಮಾತಿಗಿಂತ ಈ ಎರಡನೆಯದು ನನ್ನನ್ನು ಹೆಚ್ಚು ಸುಡುತ್ತದೆ. ಮೊದಲನೆಯದರಲ್ಲಿ ಗಾಡಿ ಕೊಡಲಿಲ್ಲ ಅಷ್ಟೇ. ಎರಡನೆಯದರಲ್ಲಿ ತಪ್ಪನ್ನೂ ಅವಳ ಮೇಲೇ ಹೊರಿಸಿ, ದೊಡ್ಡ ಮನಸ್ಸಿನವಳ ಹಾಗೆ ಕ್ಷಮಿಸಿ ಕಳಿಸಿದೆ. ಅವಳು ಅಳುತ್ತಾ ಕೈಚೀಲ ಹಿಡಿದು ಬಸ್ಸಿಗೆ ಓಡಿದಳು. ನಾನು ಹೂವಿನ ಹೊಲಕ್ಕೆ ಹೋದೆ. "ಚಾರ್ಜ್ ಇಲ್ಲ ಅಂದೆ?" ಅಂತ ಅತ್ತೆ ಕೇಳಿದ್ದಕ್ಕೆ, "ಇಲ್ಲೇ ಪಕ್ಕದ ಹೊಲ್ಕೆ ಸಾಕಾಗ್ತದೆ" ಅಂದೆ.

ಫೋಟೋ ಚೆನ್ನಾಗಿ ಬಂತು. ಅದನ್ನೂ ಹೇಳಿಬಿಡುತ್ತೇನೆ.

ಹಂಗಳದಿಂದ ಗುಂಡ್ಲುಪೇಟೆ, ಅಲ್ಲಿಂದ ಬೇರೆ ಬಸ್ಸಿನಲ್ಲಿ ತೆರಕಣಾಂಬಿ ಮೇಲೆ ಚಾಮರಾಜನಗರ, ಅಲ್ಲಿ ಸ್ಟ್ಯಾಂಡಿನಲ್ಲಿ ಸತ್ಯಮಂಗಲದ ಕಡೆ ಬಸ್ಸಿಗೆ ಕಾದು ಕಾದು — ಮಣಿ ದಾರಿಯಲ್ಲಿದ್ದಾಗಲೇ ಮಧ್ಯಾಹ್ನ ತಾಯಿಯ ಜೀವ ಹೋಯಿತು. ಅವರು ಕಾದರು. ಅವರು ಕಾಯಲಿಲ್ಲ ಅಂತ ಯಾರೂ ಅನ್ನಬಾರದು. ಆದರೆ ಆ ಊರಿನಲ್ಲಿ ಮಣ್ಣು ಮಾಡುವ ಜಾಗ ಕಾಡಿನ ಆನೆ ಟ್ರೆಂಚಿಗೆ ಅಂಟಿಕೊಂಡೇ ಇದೆ. ಹೊತ್ತು ಇಳಿದರೆ ಆನೆ ಆಚೆ ಬರುತ್ತದೆ. ಬೆಳಕಿರುವಾಗಲೇ ಎಲ್ಲ ಮುಗಿಸಿ ಜನ ಊರೊಳಗೆ ಸೇರಿಕೊಳ್ಳಬೇಕು, ಅದು ಅಲ್ಲಿಯ ಕಟ್ಟುಪಾಡು. ಮಗಳು ಬಂದು ಮುಖ ನೋಡಿ, ಒಂದು ಹಿಡಿ ಮಣ್ಣು ಹಾಕಬೇಕು ಅಂತ ಆಗುವಷ್ಟು ಹೊತ್ತು ನಿಲ್ಲಿಸಿಕೊಂಡಿದ್ದರು. ಆಮೇಲೆ ಆಗಲಿಲ್ಲ. ಮಣಿ ಬಸ್ಸಿಳಿದಾಗ ಮಣ್ಣಿಗೆ ಹೋದವರು ವಾಪಸ್ಸು ಬಂದು ಕಾಲು ತೊಳೆದುಕೊಳ್ಳುತ್ತಿದ್ದರಂತೆ. ಹಸಿ ಮಣ್ಣಿನ ಮೇಲೆ ಬಿದ್ದುಕೊಂಡವಳನ್ನು ಎಬ್ಬಿಸಿ ತರುವುದಕ್ಕೆ ನಾಲ್ಕು ಜನ ಬೇಕಾಯಿತಂತೆ.

ಮೂರನೇ ದಿನದ ಹಾಲುತುಪ್ಪಕ್ಕೆ ಮನೆಮಂದಿಯೆಲ್ಲ ವ್ಯಾನಿನಲ್ಲಿ ಹೋದೆವು. ನಾನೇ ಓಡಿಸಿದೆ. ಮಣಿಯ ಅಣ್ಣ ನನ್ನ ಹತ್ತಿರ ಬಂದು, ಬೈಯದೆ, ಸುಮ್ಮನೆ ಹೇಳಿದ: "ಹಳದಿ ಗಾಡಿ ಬತ್ತದೆ ಅಂತ ರೋಡೇ ನೋಡ್ಕೊಂಡ್ ನಿಂತಿದ್ದೋ ಕಣಮ್ಮ. ಅವ್ವ ಅದನ್ನೇ ಅಂತಿದ್ಲು, ಗಾಡಿ ಅದೆ, ನನ್ ಮಗಳು ಈಗ ಬಂದ್ಬುಡ್ತಾಳೆ ಅಂತ." ಸುತ್ತ ಇದ್ದ ಹೆಂಗಸರು ನನ್ನ ಕಡೆ ತಿರುಗಿದರು. ಒಬ್ಬಾಕೆ ಕೇಳಿಯೇಬಿಟ್ಟಳು — ಅಷ್ಟು ದೊಡ್ಡ ಗಾಡಿ ಇಟ್ಕೊಂಡು ಬಸ್ಸಿಗೆ ಹತ್ತಿಸಿ ಕಳಿಸಿದ್ರಲ್ಲ, ಎಂಥ ಜನವವ್ವ ನೀವು?

ಆಗ ಮಣಿ ಎದ್ದು ನಿಂತಳು. ಮೂರು ದಿನದಿಂದ ಅನ್ನ ಮುಟ್ಟಿರದ ಹೆಂಗಸು, ನನ್ನ ಮುಂದೆ ಬಂದು ನನಗೆ ಅಡ್ಡ ನಿಂತಳು. "ನಮ್ಮಕ್ಕನ್ನ ಯಾರೂ ಏನೂ ಅನ್ಬ್ಯಾಡಿ. ಅಕ್ಕ ಕರ್ಕೊಂಡ್ ಬರಾಕೆ ರೆಡಿಯಾಗೇ ಇದ್ಲು. ನಾನೇ ಚಾರ್ಜಿಗೆ ಹಾಕ್ನಿಲ್ಲ. ತಪ್ಪು ನಂದು."

ನನ್ನ ಕೈಯಲ್ಲಿ ಹಾಲಿನ ಚೊಂಬಿತ್ತು. ಅಲ್ಲಿ, ಅಷ್ಟು ಜನರ ಮುಂದೆ, ಅವಳ ತಾಯಿಯ ಸಮಾಧಿಯ ಗುಡ್ಡೆಯ ಮುಂದೆ ನಾನು ನಿಜ ಹೇಳಬೇಕಿತ್ತು — ಹೇಳಲಿಲ್ಲ. ಹಾಲು ಹುಯ್ದು, ಕೈ ಮುಗಿದು, ಬಂದುಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ. ಮಣಿ ಗಾಡಿಯನ್ನು ಬೈಯಲಿಲ್ಲ, ನನ್ನನ್ನು ಬೈಯಲಿಲ್ಲ. ಚಾರ್ಜಿಗೆ ಹಾಕುವ ಕೆಲಸವನ್ನೂ ಬಿಡಲಿಲ್ಲ. ಆದರೆ ಅದು ಬೇರೆ ಥರ ಆಯಿತು. ಪ್ಲಗ್ಗು ಸಿಕ್ಕಿಸುವಳು, ಒಳಗೆ ಬರುವಳು, ಮತ್ತೆ ಎದ್ದು ಹೋಗಿ ನೋಡುವಳು. ಊಟದ ಮಧ್ಯೆ ಎದ್ದು ಹೋಗುವಳು. "ಹಸ್ರು ದೀಪ ಅದಲ್ವಾ, ನೋಡಮ್ಮಿ" ಅಂತ ಮಗಳನ್ನು ಕಳಿಸುವಳು. ಇವಳ್ಗೆ ಮೇವಾಕ್ತೀನಿ ಅನ್ನುವ ಮಾತು ನಿಂತೇಹೋಯಿತು. ಮುಂದಿನ ಸೀಟಿಗೆ ಕರೆದರೆ ಬರುತ್ತಿರಲಿಲ್ಲ, ಹಿಂದೆ ಮೂಲೆಯಲ್ಲಿ ಕೂರುವಳು. ನಾನು ಅವಳಿಗೆ ಸೀರೆ ತಂದೆ, ಬಳೆ ತಂದೆ, ಅವಳ ಪಾಲಿನ ಕೆಲಸ ಮಾಡಿದೆ. ಅವಳೋ, ಎಲ್ಲರ ಹತ್ತಿರವೂ ನನ್ನನ್ನು ಹೊಗಳಿದಳು — "ನಮ್ಮಕ್ಕ ಒಂದ್ ದಿನಕ್ಕೂ ಅದ್ನ ಎತ್ತಿ ಆಡ್ನಿಲ್ಲ" ಅಂತ. ಎತ್ತಿ ಆಡಲಿಲ್ಲವಂತೆ! ಅದನ್ನು ಕೇಳಿದಾಗ ಹಟ್ಟಿಯ ಹಿಂದೆ ಹೋಗಿ ಕೂತು ಅತ್ತಿದ್ದೇನೆ. ಅತ್ತು, ಮುಖ ತೊಳೆದುಕೊಂಡು, ಒಳಗೆ ಬಂದು ಮತ್ತೆ ಸುಮ್ಮನಾಗಿದ್ದೇನೆ.

ಯಜಮಾನರಿಗೆ ಒಂದು ಸಲ ಹೇಳಿದೆ. "ಈಗ್ ಯೋಳಿ ಏನ್ ಬಂತು, ಮನೆ ಒಡೀತದೆ" ಅಂದರು. ನನಗೂ ಅಷ್ಟೇ ಬೇಕಾಗಿತ್ತು.

ಈ ಸಲದ ಮಳೆಗಾಲ ಶುರುವಾಗುವ ಮುಂಚೆ, ಒಂದು ಸಂಜೆ, ಕೈ ಸುಟ್ಟುಕೊಂಡಿದ್ದ ಮಣಿ ಚಾರ್ಜಿಗೆ ಹಾಕಲು ಮಗಳು ಪಲ್ಲವಿಗೆ ಹೇಳಿದ್ದಳು. ಕಾಲೇಜಿಗೆ ಹೋಗುವ ಹುಡುಗಿ, ಯಾರದೋ ಫೋನು ಬಂತು, ಮರೆತಳು. ಮಣಿ ಬಂದು ನೋಡುತ್ತಾಳೆ, ಪ್ಲಗ್ಗು ಗೂಟದಲ್ಲೇ ಇದೆ. ಆ ಹುಡುಗಿಗೆ ಹುಟ್ಟಿದಾಗಿನಿಂದ ಒಂದು ಏಟು ಹೊಡೆದವಳಲ್ಲ ಮಣಿ. ಅವತ್ತು ಕೆನ್ನೆಗೆ ಹೊಡೆದಳು, ಮತ್ತೆ ಹೊಡೆದಳು, ಜುಟ್ಟು ಹಿಡಿದು ಗಾಡಿಯ ಮುಂದೆ ಎಳೆದು ತಂದು ನಿಲ್ಲಿಸಿದಳು.

"ಒಂದ್ ದಿನ ಮರ್ತಿದ್ಕೆ ನಮ್ಮವ್ವನ ಮುಖ ಕಾಣ್ನಿಲ್ಲ ಕಣಮ್ಮಿ ನಾನು! ನಾಳೀಕೆ ನಾನ್ ಸಾಯ್ವಾಗ ನಿಂಗೂ ಅದೇ ಗತಿ ಬರ್ಬೇಕಾ? ಬರ್ಬೇಕಾ?"

ಹುಡುಗಿ ಬಿಕ್ಕುತ್ತಾ ಇಲ್ಲ, ಇಲ್ಲ ಅನ್ನುತ್ತಿತ್ತು. ನಾನು ಜಗಲಿಯಲ್ಲಿ ಈರುಳ್ಳಿ ಆರಿಸುತ್ತಾ ಕೂತಿದ್ದೆ. ನನ್ನ ಒಂದು ಸುಳ್ಳು ನನ್ನ ಕಣ್ಣೆದುರೇ ತಾಯಿಯಿಂದ ಮಗಳ ಮೈಗೆ ಹತ್ತುತ್ತಿತ್ತು. ಎದ್ದು ಹೋಗಿ ಮಣಿಯ ಕೈ ಹಿಡಿದುಕೊಂಡೆ. ಹೇಗೆ ಶುರುಮಾಡಬೇಕು ಅಂತ ಎಷ್ಟೋ ಸಲ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಅವಳ್ನ ಹೊಡೀಬ್ಯಾಡ ಕಣೆ. ಅವತ್ತು ಚಾರ್ಜ್ ಇತ್ತು. ಪೂರ್ತಿ ಇತ್ತು. ನಾನ್ ಸುಳ್ಳು ಯೋಳ್ದೆ."

ಮಣಿ ನನ್ನನ್ನು ನೋಡಿದಳು. ಯಾಕೆ ಅಂತ ಕೇಳುತ್ತಾಳೆ ಅಂದುಕೊಂಡೆ. ಉಗಿಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಒಂದೇ —

"ಹಂಗಾರೆ ನಾನು ಹಾಕಿದ್ನಾ?"

"ಹಾಕಿದ್ದೆ ಕಣೆ."

"ಕರೆಂಟ್ ಓಗಿ ಬಂತಲ್ಲ..."

"ಅದು ತಾನಾಗೇ ಶುರುವಾಯ್ತದೆ. ನೀನು ಮರ್ತಿರ್ನಿಲ್ಲ."

ಅವಳು ಗಾಡಿಯ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. "ಹಾಕಿದ್ದೆ... ಹಾಕಿದ್ದೆ ಕಣವ್ವ... ನಾನ್ ಹಾಕಿದ್ದೆ ಕಣವ್ವ" ಅಂತ ಶುರುಮಾಡಿದಳು. ನನಗಲ್ಲ, ಪಲ್ಲವಿಗಲ್ಲ, ಮಣ್ಣಾಗಿ ಹೋದ ಅವಳ ತಾಯಿಗೆ. ಪಲ್ಲವಿ ಬಗ್ಗಿ ಅವಳನ್ನು ತಬ್ಬಿಕೊಂಡಳು. ಅಷ್ಟು ವರ್ಷ ಅವಳು ಏನನ್ನು ಹೊತ್ತುಕೊಂಡು ಓಡಾಡಿದ್ದಳು ಅಂತ ನನಗೆ ಅವತ್ತೇ ಪೂರ್ತಿ ಗೊತ್ತಾದದ್ದು. ಆಮೇಲೆ ಇಬ್ಬರೂ ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡರು.

ಹೂವಿನ ಹೊಲದ ವಿಷಯ ಆಮೇಲೆ ನಾನೇ ಹೇಳಿದೆ, ಮುಚ್ಚಿದ ಬಾಗಿಲ ಮುಂದೆ ನಿಂತು.

ಮನೆ ಒಡೆಯಲಿಲ್ಲ. ಕುಮಾರ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ಅದು ನ್ಯಾಯವೇ. ಪುಣಜನೂರಿಗೆ ಹೇಳಿ ಕಳಿಸಿದಿರಾ ಅಂತ ನಾನು ಕೇಳಿದರೆ, ಮಣಿ ಯಾರಿಗೂ ಹೇಳಿಲ್ಲ ಅಂತ ಅತ್ತೆ ಅಂದರು. ಈಗಲೂ ನನ್ನ ಮಾನ ಕಾಯುತ್ತಿದ್ದಾಳೆ ಅವಳು. ಅದು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ, ಅದಕ್ಕೇ ಈ ಬರಹ.

ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನ ಮುಂದೆ ಬಂದು ನಿಂತು ಕೈ ಚಾಚಿದಳು. "ಕೀ ಕೊಡು. ಓಡ್ಸೋದ ಕಲ್ಸು." ಕಲಿಸಿದೆ. ಶಾಲೆಯ ಮೈದಾನದಲ್ಲಿ, ದಿನಾ, ಪಕ್ಕದ ಸೀಟಿನಲ್ಲಿ ಕೂತು. ಗಾಡಿಯ ಮಾತು ಬಿಟ್ಟು ಬೇರೆ ಒಂದು ಮಾತೂ ಅವಳು ಆಡಲಿಲ್ಲ. ನನಗಿಂತ ನಯವಾಗಿ ಓಡಿಸುತ್ತಾಳೆ — ಹಂಪು ಬಂದರೆ ಒಳಗಿರುವವರಿಗೆ ಗೊತ್ತೇ ಆಗದ ಹಾಗೆ. ಆ ಹಳದಿ ವ್ಯಾನು ಅವಳ ಕೈಯಲ್ಲಿ ಎಷ್ಟು ಚೆಂದ ಕಾಣುತ್ತದೆ ಅಂದರೆ, ಇಷ್ಟು ವರ್ಷ ಅದು ನನ್ನದು ಅಂದುಕೊಂಡಿದ್ದಕ್ಕೆ ನಾಚಿಕೆಯಾಗುತ್ತದೆ. ಚಾರ್ಜಿನ ಆ್ಯಪನ್ನು ಅವಳ ಫೋನಿಗೂ ಹಾಕಿಸಿದೆ. ಲೈಸೆನ್ಸೂ ಬಂತು.

ಹೋದ ಸೋಮವಾರ ಅವಳು ತಾನೇ ಓಡಿಸಿಕೊಂಡು ಪುಣಜನೂರಿಗೆ ಹೊರಟಳು. ಪಕ್ಕದಲ್ಲಿ ಪಲ್ಲವಿ, ಹಿಂದಿನ ಸೀಟಿನಲ್ಲಿ ಎಡೆಯ ಬುಟ್ಟಿ, ಒಂದು ಕುಕ್ಕೆ ಹೂವು. ಹಿಂದೆ ಅಷ್ಟೊಂದು ಸೀಟು ಖಾಲಿ. ನಾನು ಗೇಟಿನ ಹತ್ತಿರ ನಿಂತಿದ್ದೆ. ತಡೆಯಲಾರದೆ ಗಾಜಿನ ಹತ್ತಿರ ಹೋಗಿ ಕೇಳಿದೆ, "ಮಣಿ, ನಾನೂ ಬರ್ಲಾ? ನಿಮ್ಮವ್ವಂಗೆ ಕೈಮುಗ್ದು ಬತ್ತೀನಿ."

ಅವಳು ಸ್ಟೇರಿಂಗ್ ಮೇಲಿಂದ ಕೈ ತೆಗೆಯಲಿಲ್ಲ. ಕೋಪವೂ ಇರಲಿಲ್ಲ ಅವಳ ದನಿಯಲ್ಲಿ.

"ನೀನ್ ಬಂದ್ರೆ, ಯಾರು ಅಂತ ಅವ್ವಂಗೆ ಯೋಳ್ಲಿ ಕಣಕ್ಕ?" ಅಂದಳು.

ಅಕ್ಕ ಅಂತಲೇ ಕರೆದಳು. ನಾನು ಗಾಜಿನ ಮೇಲಿನಿಂದ ಕೈ ತೆಗೆದೆ, ಅವರು ಹೊರಟರು.